ಅಳ್ಳಾಡಬ್ಯಾಡ್ರಿ

ದಿನಕ್ಕ ನೂರ ಸಲ ಅಂತೀನಿ ಈ ಮಾತ,
ಸೀಸದ ಏಪ್ರನ್ ಹಾಕ್ಕೊಂಡು, ಗಾಜಿನ ಆಚೆ ನಿಂತು:
ಅಳ್ಳಾಡಬ್ಯಾಡ್ರಿ.
ವಿಜಾಪುರದ ಸ್ಟೇಶನ್ ರೋಡಿನ ನೆಲಮಾಳಿಗಿ,
ಮ್ಯಾಲ ಔಷಧದಂಗಡಿ, ಬಾಜೂಕ ಕಬ್ಬಿನಹಾಲಿನ ಗಾಣದ ಗೆಜ್ಜಿ.
ಇಲ್ಲಿ ಹಗಲಿಲ್ಲ, ಟ್ಯೂಬ್‌ಲೈಟ್ ಐತಿ.

ಹನ್ನೊಂದನೇ ನಂಬರ್, ಚಂದ್ರಭಾಗಾ ಮಮದಾಪುರ.
ವಯಸ್ಸು ಐವತ್ನಾಕು. ಬಲಗಡೆ ಚಪ್ಪಿ,
ಮಿರಜದಾಗ ಬದಲಿ ಹಾಕಿಸಿ ಒಂಬತ್ತು ವರ್ಷ.
"ನೋವ ಏನರ ಐತೇನ್ರಿ?"
"ಇಲ್ಲವಾ. ಹುಡುಗ್ರ ಹಿಂದ ಸೈಕಲ್ ಹೊಡಕೊಂತ
ಸಿಂದಗಿ ರೋಡಿನ ಧಾಬಾ ತನಕ ಹೋಗಿ ಬರ್ತೀನಿ ದಿನಾ.
ವರ್ಷಕ್ಕೊಮ್ಮೆ ತೋರ್ಸು ಅಂತ ಕಾರ್ಡಿನ್ಯಾಗ ಬರದಾರ.
ನಾಕು ವರ್ಷ ತಪ್ಪಿಸಿದ್ದೆ,
ಮೊನ್ನೆ ಟ್ರಂಕ್ ಒರಸೂ ಮುಂದ ಕೈಗೆ ಬಂತು."

ಮಲಗಿಸಿದೆ. ಪಾದ ಎರಡೂ ಒಳಗ ತಿರುವಿ,
ಹೆಬ್ಬಟ್ಟಿಗೆ ಹೆಬ್ಬಟ್ಟು ತೋರಿಸಿ, ಉಸುಕಿನ ಚೀಲ ಇಟ್ಟೆ.
ಮೀನಖಂಡ ಇನ್ನೂ ಹುರಿಹಗ್ಗ.
ಅದರ ಮ್ಯಾಲ ಹಳೇ ಚೈನಿನ ಹಲ್ಲಿನ ಕಲೆ, ಸಾಲಾಗಿ ಐದು.

ಎಲುಬು ಮಂಜಿನ್ಹಂಗ ಬರ್ತೈತಿ ಚಿತ್ರದಾಗ,
ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಹುಡುಕಬೇಕು.
ಲೋಹಕ್ಕ ಆ ಅನುಮಾನ ಇಲ್ಲ, ಬೆಳ್ಳಗ ಕುಂತಿರ್ತೈತಿ.
ಬಟ್ಟಲಿನ ಒಳಮೈಗೆ ಹಾಕಿದ ಪ್ಲಾಸ್ಟಿಕ್ ಮಾತ್ರ ಕಾಣಂಗಿಲ್ಲ.
ಗುಂಡಿಗೂ ಬಟ್ಟಲಿಗೂ ನಡುವ ಇರೂ ಖಾಲಿ ಜಾಗಾನ
ಅಳೀಬೇಕು, ಅದs ಪ್ಲಾಸ್ಟಿಕ್ ಅಂತ ತಿಳಕೋಬೇಕು.

ಆಕಿ ತಂದ ಹಳೇ ಫಿಲ್ಮ್ ಬೆಳಕಿನ ಪೆಟಗಿಗೆ ಸಿಗಿಸಿದೆ.
ಒಂಬತ್ತು ವರ್ಷದ ಹಿಂದ ಗುಂಡು ನಟ್ಟನಡುವ.
ಇವತ್ತ ಮ್ಯಾಲಕ್ಕ ಸರದೈತಿ. ಎರಡು ಮಿಲಿಮೀಟರ್, ಚೂರು ಹೆಚ್ಚು.
ಬಟ್ಟಲಿನ ಹಿಂದ, ಲೋಹಕ್ಕೂ ಎಲುಬಿಗೂ ನಡುವ
ಒಂದು ಕರೀ ಗೆರಿ.
ಅಳತ ಅಳತ ಕಾಡಿಗಿ ಹಚ್ಚಿಸ್ಕೊಂಡ ಕೂಸಿನ ಕಣ್ಣಂಚಿನಂಥದು,
ಒಂದು ಕಡೆ ದಪ್ಪ, ಒಂದು ಕಡೆ ಇಲ್ಲs ಇಲ್ಲ.

ಚಿತ್ರ ನಂದು, ಮಾತು ಡಾಕ್ಟರದು. ನೌಕರಿಯ ನೇಮ.
ಇನ್ನೊಂದು ತೆಗೀತೀನಿ ಅಂದೆ.
"ಯಾಕವಾ, ಮೊದಲನೇದು ಚೊಲೊ ಬರ್ಲಿಲ್ಲೇನು?"
"ಭಾಳ ಚೊಲೊ ಬಂದೈತ್ರಿ."
ಆಕಿ ಛತ್ತಿನ ಕಡೆ ನೋಡಿ ನಕ್ಕಳು.

"ನಾನೂ ಸೈಕಲ್ ತಲೆಕೆಳಗ ಮಾಡಿ ನಿಲ್ಲಿಸ್ತೀನಿ,
ಗಾಲಿ ಬಳ್ಳಲೆ ತಿರುವಿ, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವ
ಬೆಳಕು ನೋಡ್ತೀನಿ. ಅಕ್ಕಿಕಾಳಿನಷ್ಟು ಹೆಚ್ಚುಕಡಿಮಿ ಆದ್ರ
ಗಾಲಿ ಓಡ್ತೈತಿ ಅಂತ ಲೆಕ್ಕ. ಹುಡುಗಗ ಗೊತ್ತಿರಂಗಿಲ್ಲ,
ಸೀಟಿನ ಮ್ಯಾಲ ಕುಂತಾವಗ ಏನೂ ಅನಸಂಗಿಲ್ಲ.
ಆವತ್ತಿನ ರೇಸೂ ಗೆದ್ದಿರ್ತಾನ."
ಆಮ್ಯಾಲ, ತಲಿ ಎತ್ತದs: "ಎಷ್ಟೈತಿ?"

ನಾ ಏನೂ ಹೇಳಲಿಲ್ಲ.
ಆಕಿ ನನ್ನ ಕೈ ನೋಡಾಕತ್ತಿದ್ಳು.
ಹೆಬ್ಬಟ್ಟು, ತೋರಬಳ್ಳು, ನಡುವ ಒಂದು ಸಂದು.
ಯಾವಾಗ ಹಂಗ ಹಿಡದಿದ್ದೆನೋ ನನಗೂ ತಿಳೀದು.

ಮ್ಯಾಲಿಂದ ಚೀಟಿ ಬಂತು, ಇಂಗ್ಲೀಷಿನ್ಯಾಗ ಮೂರು ಸಾಲು:
ಸಿಟಿ. ರಕ್ತ. ಬೆಳಗಾವಿಗೆ ಹೋಗಿ
ಲೋಹದ ನೆಳ್ಳು ಕಳದು ತೋರಿಸೂ ಎಂಆರ್‌ಐ.
"ಆ ದೊಡ್ಡ ಅಯಸ್ಕಾಂತ ನನ್ನ ಜಗ್ಗಿ ಗ್ವಾಡಿಗೆ ಅಂಟಿಸಿದ್ರ?"
"ಅಂಟಂಗಿಲ್ರಿ, ಬರೇ ಗದ್ದಲ ಮಾಡ್ತೈತಿ."
"ಗದ್ದಲಕ್ಕ ನಾ ಹೆದರಾಕಿ ಅಲ್ಲ. ಈ ಸುಮ್ಮಕಿರೂದs..."
ಅಷ್ಟಕ್ಕ ಬಿಟ್ಟು ಚಪ್ಪಲಿ ಹುಡುಕಿದಳು.

ಹದಿನಾಕು ಮೆಟ್ಲ. ಕಟಾಂಜನ ಹಿಡೀಲಿಲ್ಲ.
ಬಲಗಾಲು, ಎಡಗಾಲು, ಸಪ್ಪಳ ಒಂದs.
ಕಿವಿಗೆ ಏನೂ ಸಿಗಲಿಲ್ಲ. ಎರಡು ಸಲ ಕೇಳಿದ್ರೂ ಸಿಗ್ತಿರಲಿಲ್ಲ.

ಹನ್ನೆರಡನೇ ನಂಬರ್ ಮುಂಗೈ ಮುರಕೊಂಡ ಪೋರ,
ಟೇಬಲ್ ಮ್ಯಾಲ ಕೈ ಇಟ್ಟು ಎಷ್ಟೊತ್ತು ಕುಂತಿದ್ನೋ.
"ಅಕ್ಕಾ," ಅಂದ,
"ಅಳ್ಳಾಡ್ಲ್ಯಾ, ಬ್ಯಾಡಾ?"